ಪಿ3ಎಚ್‌ಟಿ ಪದರವೋ, ವರ್ಣದ್ರವ್ಯದ ಪದರವೋ: ಮಡಿಕೇರಿಯ ಮಳೆಗಾಲದಲ್ಲಿ ಒಂದು ಹೋಲಿಕೆ

ತಂತಿಯ ಹಂಗಿಲ್ಲದೆ ಬೆಳಕಿನಿಂದಲೇ ನರಕೋಶಗಳನ್ನು ಪ್ರಚೋದಿಸಬಲ್ಲ ಸಾವಯವ (ಇಂಗಾಲದ ಸಂಯುಕ್ತಗಳಿಂದಾದ) ಅರೆವಾಹಕಗಳಲ್ಲಿ ಎರಡನ್ನು ಮಡಿಕೇರಿಯ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆವು. ಒಂದು ಪಿ3ಎಚ್‌ಟಿ ಎಂಬ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು. ಇನ್ನೊಂದು ಥಾಲೊಸಯನಿನ್ ಮತ್ತು ಪೆರಿಲೀನ್ ವರ್ಣದ್ರವ್ಯಗಳನ್ನು ಒಂದರ ಮೇಲೊಂದು ಕೂರಿಸಿದ ದ್ಯುತಿ ಕೆಪಾಸಿಟರ್, ಅಂದರೆ ಬೆಳಕು ಬಿದ್ದಾಗ ವಿದ್ಯುದಾವೇಶವನ್ನು ಕೂಡಿಸಿಕೊಳ್ಳುವ ಸಾಧನ. ಕೋಶಗಳನ್ನು ಬೆಳೆಸುವ ಮೊದಲು, ಪದರದ ಮೇಲಿಟ್ಟ ಉಪ್ಪುನೀರಿನ ಹನಿಯಲ್ಲಿ ವಿದ್ಯುತ್ ಮಿಡಿತ ಪ್ರತಿ ಬಾರಿಯೂ ಒಂದೇ ಬಗೆಯಲ್ಲಿ ಹುಟ್ಟುತ್ತದೆಯೇ ಎಂದು ನೋಡುವುದಷ್ಟೇ ನಮ್ಮ ಉದ್ದೇಶವಾಗಿತ್ತು. ನನ್ನ ಒಲವು ವರ್ಣದ್ರವ್ಯದ ಕಡೆಗೇ ಇದೆ. ಅದಕ್ಕೆ ಕಾರಣ ಇಲ್ಲಿನ ಮಳೆ.

ಪಿ3ಎಚ್‌ಟಿಯ ಹಿರಿಮೆ ಸಣ್ಣದಲ್ಲ. 2011ರಲ್ಲಿ ಇಟಲಿಯ ಸಂಶೋಧಕರು ಇದರ ಮಿಶ್ರಣದ ಮೇಲೆ ನರಕೋಶಗಳನ್ನು ಬೆಳೆಸಿ ಬೆಳಕಿನಿಂದ ಪ್ರಚೋದಿಸಿದರು. 2017ರಲ್ಲಿ ಇದರಿಂದಲೇ ಮಾಡಿದ ಕೃತಕ ರೆಟಿನಾ ಕುರುಡು ಇಲಿಗಳಿಗೆ ಬೆಳಕಿನ ಅರಿವನ್ನು ಮರಳಿಸಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡವೂ ಇನ್ನೂ ಬೆಳಕನ್ನು ಗ್ರಹಿಸದ ಕೋಳಿ ಭ್ರೂಣದ ರೆಟಿನಾದೊಂದಿಗೆ ಇಂಥ ಪಾಲಿಮರನ್ನು ಪರೀಕ್ಷಿಸಿದೆ.

ತೊಡಕಿರುವುದು ಲೇಪನದಲ್ಲಿ. ಮಾರಾಟಗಾರರು ಯಾವ ಹವೆಯಲ್ಲಾದರೂ ಲೇಪಿಸಬಹುದೆಂದು ಭರವಸೆ ಕೊಟ್ಟಿದ್ದರು. ಆದರೆ ಕಕ್ಕಡ ಮಾಸದ ಮಳೆಯಲ್ಲಿ ಗೋಡೆಯೇ ಬೆವರುವಾಗ, ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಪಾಲಿಮರನ್ನು ಗಾಜಿನ ಮೇಲೆ ಸುರಿದು, ತೆಳುವಾಗಿ ಹರಡಲೆಂದು ಗಾಜನ್ನು ರಭಸವಾಗಿ ಸುತ್ತಿಸಿದರೆ, ದ್ರಾವಕ ಬೇಗ ಆರುತ್ತಾ ಪದರವನ್ನು ತಣ್ಣಗಾಗಿಸುತ್ತದೆ, ಗಾಳಿಯ ತೇವ ಅದರ ಮೇಲೆ ಸಣ್ಣ ಹನಿಗಳಾಗಿ ಕೂರುತ್ತದೆ, ಹನಿ ಆರಿದ ಕಡೆಯೆಲ್ಲ ತೂತು ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ನೇರಳೆ ಪದರ ಜೇನಿನ ಎರಿಯಂತೆಯೇ ಕಾಣುತ್ತಿತ್ತು.

ಆ ತೂತುಗಳಿಂದ ಉಪ್ಪುನೀರು ಒಳಗಿಳಿದು ಗಾಜಿನ ಮೇಲಿನ ವಿದ್ಯುತ್ ಹರಿಸುವ ಲೇಪನವನ್ನು ಮುಟ್ಟಿದೊಡನೆ ಮಿಡಿತ ಕುಗ್ಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಪದರದ ಅಂಚು ಮೇಲೇಳುತ್ತದೆ. ನಿಧಾನವಾಗಿ ಆರುವ ಕ್ಲೋರೋಬೆಂಜೀನ್ ಬಳಸಿ, 120 ಡಿಗ್ರಿಯಲ್ಲಿ ಕಾಯಿಸಿದಾಗ ಪರಿಸ್ಥಿತಿ ಸುಧಾರಿಸಿತು. ಆದರೂ ತೇವ ಹೀರುವ ಯಂತ್ರವನ್ನು ಬಿಡದೆ ನಡೆಸಬೇಕು. ಮರ ಬಿದ್ದು ಕರೆಂಟು ಹೋದ ದಿನ ಕೆಲಸ ಅಲ್ಲಿಗೇ ನಿಂತಿತು. ಬೆಳಕು ಮತ್ತು ಆಮ್ಲಜನಕ ಒಟ್ಟಾದಾಗ ಈ ಪಾಲಿಮರ್ ಕ್ರಮೇಣ ಬಣ್ಣಗೆಡುವುದು ಬೇರೆಯದೇ ಚಿಂತೆ.

ವರ್ಣದ್ರವ್ಯಗಳು ನೀರಿಗೂ ಗಾಳಿಗೂ ಜಗ್ಗುವುದಿಲ್ಲ. ಸ್ವೀಡನ್ನಿನ ಲಿಂಕೊಪಿಂಗ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಅವುಗಳನ್ನು ನಿರ್ವಾತದಲ್ಲಿ ಆವಿ ಮಾಡಿ ಕೂರಿಸುತ್ತಾರೆ. ಆ ಯಂತ್ರ ನಮ್ಮ ಕೈಗೆಟುಕದು. ಬೆಂಗಳೂರಿನಲ್ಲಿ ಹಣ ಕೊಟ್ಟು ಲೇಪಿಸಿ, ಬಸ್ಸಿನಲ್ಲಿ ತಂದ ಗಾಜುಗಳು ಉಪ್ಪುನೀರಿನಲ್ಲಿ ನೆನೆದ ಮೇಲೂ, ಕೆಂಪು ಬೆಳಕು ಹೊತ್ತಿಸಿದಾಗ ಒಂದು ದಿಕ್ಕಿಗೆ, ಆರಿಸಿದಾಗ ಇನ್ನೊಂದು ದಿಕ್ಕಿಗೆ, ಅದೇ ಚೂಪಾದ ಮಿಡಿತವನ್ನು ಕೊಟ್ಟವು. ಪಿ3ಎಚ್‌ಟಿ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ರೆಟಿನಾಗೆ ಅದು ಸಾಕು. ಅಂಗಾಂಶದೊಳಗೆ ಹೆಚ್ಚು ಆಳಕ್ಕಿಳಿಯುವುದು ಕೆಂಪು ಬೆಳಕು, ಹಾಗಾಗಿ ಚರ್ಮದಡಿಯ ನರಕ್ಕೆ ಈ ಕೆಪಾಸಿಟರೇ ಸರಿ.

ಎರಡರಲ್ಲೂ ಮಿಡಿತ ಅಳೆಯಲು ಉಪ್ಪುನೀರಿನಲ್ಲಿಡುವ ಬೆಳ್ಳಿ ಕ್ಲೋರೈಡ್ ವಿದ್ಯುದ್ವಾರಕ್ಕೆ ನೆರಳು ಮಾಡಲೇಬೇಕು, ಏಕೆಂದರೆ ಅದೂ ಬೆಳಕಿಗೆ ಸ್ಪಂದಿಸುತ್ತದೆ.

ಗಾಜೊಂದರ ಲೆಕ್ಕದಲ್ಲಿ ವರ್ಣದ್ರವ್ಯ ದುಬಾರಿಯೇ. ಆದರೆ ಕೆಟ್ಟು ಎಸೆದ ಪಾಲಿಮರ್ ಗಾಜುಗಳನ್ನೂ ತೇವ ಹೀರುವ ಯಂತ್ರದ ಬಿಲ್ಲನ್ನೂ ಸೇರಿಸಿದರೆ ಆ ಅಂತರ ಉಳಿಯುವುದಿಲ್ಲ. ಒಣ ಹವೆಯ ಊರಿನಲ್ಲಿ ರೆಟಿನಾ ಕುರಿತು ಕೆಲಸ ಮಾಡುವವರು ಪಿ3ಎಚ್‌ಟಿಯನ್ನೇ ಕೊಳ್ಳಲಿ. ನಮ್ಮ ಮುಂದಿನ ಅನುದಾನ ಮಾತ್ರ ಬೆಂಗಳೂರಿನ ಲೇಪನಕ್ಕೆ ಹೋಗುತ್ತದೆ.