ಟ್ಯಾಂಕರ್ ಸೋರಿದಾಗ ಮೊದಲು ಯಾವುದನ್ನು ನೋಡಬೇಕು? ಮೂರನ್ನೂ ಬಳಸಿ ನೋಡಿದೆ

ನಾನು ಮಂಗಳೂರು ಕಡೆಯ ಒಂದು ಕಾರ್ಖಾನೆಯ ತುರ್ತು ತಂಡದಲ್ಲಿದ್ದೇನೆ. 2013ರಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿದ್ದನ್ನು ನಮ್ಮ ಭಾಗದವರು ಇನ್ನೂ ಮರೆತಿಲ್ಲ. ಅಂಥ ಜಾಗಕ್ಕೆ ಮೊದಲು ತಲುಪಿದವರಿಗೆ ಸರಿಯಾದ ಮಾಹಿತಿ ಎಲ್ಲಿಂದ ಸಿಗಬೇಕು? ಮಾಕ್ ಡ್ರಿಲ್‌ಗಳಲ್ಲಿ ಮೂರು ದಾರಿ ಬಳಸಿ ನೋಡಿದೆ: ಟ್ಯಾಂಕರಿನ ಮೇಲೆ ಒಳಗಿನ ಸರಕಿನ ಅಪಾಯ ತಿಳಿಸುವ ಹ್ಯಾಜ್‌ಕೆಮ್ ಫಲಕ, ಇಆರ್‌ಜಿ ಎಂಬ ತುರ್ತು ಮಾರ್ಗದರ್ಶಿ ಪುಸ್ತಕ, ರಾಸಾಯನಿಕಗಳ ಮಾಹಿತಿ ಕೊಡುವ ಕ್ಯಾಮಿಯೋ ಕೆಮಿಕಲ್ಸ್ ಆ್ಯಪ್.

ಫಲಕಕ್ಕೆ ಪುಸ್ತಕವೂ ಬೇಡ, ಫೋನೂ ಬೇಡ. ಎಲ್‌ಪಿಜಿ ಟ್ಯಾಂಕರಿನ ಫಲಕದಲ್ಲಿ 1075 ಎಂಬ ಯುಎನ್ ಸಂಖ್ಯೆ (ಒಳಗಿರುವ ವಸ್ತು ಯಾವುದೆಂದು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ಜೊತೆಗೆ '2 ವೈ ಇ' ಎಂಬ ಕೋಡ್ ಇರುತ್ತದೆ. 2 ಅಂದರೆ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ವೈ ಅಂದರೆ ಸ್ಫೋಟದ ಭಯವಿದೆ, ಉಸಿರಾಟದ ಉಪಕರಣ ಹಾಕಿಕೊಳ್ಳಿ, ಚರಂಡಿಗೆ ಹರಿಯಲು ಬಿಡಬೇಡಿ. ಇ ಅಂದರೆ ಜನರನ್ನು ತೆರವು ಮಾಡುವುದನ್ನು ಯೋಚಿಸಿ. ಮೂರೇ ಅಕ್ಷರದಲ್ಲಿ ಇಷ್ಟು ವಿಷಯ! ಆದರೆ ಎಷ್ಟು ದೂರ ತೆರವು ಮಾಡಬೇಕು ಅಂತ ಅದು ಹೇಳುವುದಿಲ್ಲ. ಬಣ್ಣ ಮಾಸಿದ್ದರೆ ತಪ್ಪಾಗಿ ಓದುವ ಅಪಾಯವೂ ಇದೆ. ಒಂದು ಡ್ರಿಲ್‌ನಲ್ಲಿ ನಮ್ಮವರು 1075ನ್ನು 1076 ಅಂತ ಓದಿದರು. 1076 ಫಾಸ್ಜೀನ್, ಉಸಿರಾಡಿದರೆ ಕೊಲ್ಲುವ ವಿಷಾನಿಲ. ಅಂದಿನಿಂದ ನಾವು ಬೈನಾಕ್ಯುಲರ್ ಇಟ್ಟುಕೊಂಡಿದ್ದೇವೆ. ಸಂಖ್ಯೆಯ ಜೊತೆ ಹೆಸರನ್ನೂ ತಾಳೆ ನೋಡುತ್ತೇವೆ.

ದೂರದ ಪ್ರಶ್ನೆಗೆ ಇಆರ್‌ಜಿಯೇ ಉತ್ತರ. ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ತರುವ ಪುಸ್ತಕ ಇದು. 2024ರ ಆವೃತ್ತಿಯ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಹಳದಿ ಪುಟದಲ್ಲಿ 1075 ಹುಡುಕಿದರೆ 115ನೇ ಮಾರ್ಗದರ್ಶಿಗೆ ಹೋಗು ಅನ್ನುತ್ತದೆ. ಸಂಖ್ಯೆ ಗೊತ್ತಿಲ್ಲದೆ ಹೆಸರು ಮಾತ್ರ ಗೊತ್ತಿದ್ದರೆ ನೀಲಿ ಪುಟ. ಎರಡೂ ಗೊತ್ತಿಲ್ವಾ? 111ನೇ ಮಾರ್ಗದರ್ಶಿ. 115ರ ಕಿತ್ತಳೆ ಪುಟ ನೇರವಾಗಿ ಹೇಳುತ್ತದೆ: ಸೋರಿಕೆಯಾದರೆ ಸುತ್ತ ಕನಿಷ್ಠ 100 ಮೀಟರ್ ಖಾಲಿ ಮಾಡಿ. ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿನಲ್ಲಿ 800 ಮೀಟರ್ ತೆರವು ಯೋಚಿಸಿ. ಟ್ಯಾಂಕರ್ ಬೆಂಕಿಗೆ ಸಿಕ್ಕಿದ್ದರೆ ಸುತ್ತಲೂ 1,600 ಮೀಟರ್. ವಿಷಾನಿಲಗಳಿಗೆ ಹಸಿರು ಪುಟಗಳಿವೆ. ಅಲ್ಲಿ ಎಷ್ಟೋ ಕಡೆ ಹಗಲಿಗಿಂತ ರಾತ್ರಿಯ ದೂರವೇ ಜಾಸ್ತಿ. ರಾತ್ರಿ ಗಾಳಿ ಕಲಕುವುದು ಕಡಿಮೆ, ಹಾಗಾಗಿ ಅನಿಲ ಚದುರದೆ ದೂರಕ್ಕೆ ಸಾಗುತ್ತದೆ.

ಇದರ ಆ್ಯಪ್ ಕೂಡ ಇದೆ. ಆದರೂ ನಾನು ಮುದ್ರಿಸಿದ ಪುಸ್ತಕವನ್ನೇ ಒಯ್ಯುತ್ತೇನೆ. ಎಲ್‌ಪಿಜಿ ಸೋರುತ್ತಿರುವ ಕಡೆ ಸಾಮಾನ್ಯ ಫೋನ್ ತೆಗೆಯುವುದೇ ತಪ್ಪು. ಮಳೆಯಲ್ಲಿ, ದಪ್ಪ ಕೈಗವಸು ಹಾಕಿಕೊಂಡು ಟಚ್ ಸ್ಕ್ರೀನ್ ಒತ್ತಲು ಆಗುವುದೂ ಇಲ್ಲ. ಒಂದು ಮಿತಿ ನೆನಪಿರಲಿ: ಈ ಪುಸ್ತಕ ಸಾಗಣೆಯ ಅಪಘಾತಕ್ಕೆ, ಅದೂ ಮೊದಲ ಹೊತ್ತಿಗೆ. ಹಸಿರು ಪುಟದ ದೂರಗಳು ಮೊದಲ 30 ನಿಮಿಷದ ಲೆಕ್ಕ.

ಅದಾದ ಮೇಲೆ ಕ್ಯಾಮಿಯೋ. ಅಮೆರಿಕದ ನೋವಾ (ಸಾಗರ ಮತ್ತು ವಾತಾವರಣ ಸಂಸ್ಥೆ) ಮತ್ತು ಪರಿಸರ ಸಂರಕ್ಷಣಾ ಸಂಸ್ಥೆ ಸೇರಿ ಮಾಡಿದ್ದು, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಇದರ ನಿಜವಾದ ಶಕ್ತಿ ಎರಡು ರಾಸಾಯನಿಕ ಬೆರೆತರೆ ಏನಾಗುತ್ತದೆ ಎಂದು ಹೇಳುವುದು. ಸೋಡಿಯಂ ಹೈಪೊಕ್ಲೋರೈಟ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಎರಡನ್ನೂ ಹಾಕಿ ನೋಡಿದೆ, ಕ್ಲೋರಿನ್ ಅನಿಲ ಬರುತ್ತದೆ ಎಂದು ಎಚ್ಚರಿಸಿತು. ನಮ್ಮ ಗೋದಾಮಿನಲ್ಲಿ ಆ ಎರಡೂ ಪಕ್ಕಪಕ್ಕದಲ್ಲೇ ಇದ್ದವು, ಮರುದಿನವೇ ಬೇರೆ ಮಾಡಿಸಿದೆವು. ಈ ಕೆಲಸ ಪುಸ್ತಕದಿಂದ ಆಗುತ್ತಿರಲಿಲ್ಲ. ಆದರೆ ರಸ್ತೆಯಲ್ಲಿ ನಿಂತು ಇಷ್ಟೆಲ್ಲ ಓದುವ ಹೊತ್ತಿರುವುದಿಲ್ಲ, ಇದು ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ.

ಕೆಲವರ ಫೋನಿನಲ್ಲಿ ಇನ್ನೂ ವೈಸರ್ ಎಂಬ ಇಂಥದ್ದೇ ಹಳೆಯ ಆ್ಯಪ್ ಇದೆ. ಅದನ್ನು 2023ರಲ್ಲೇ ನಿಲ್ಲಿಸಲಾಗಿದೆ. ದಯವಿಟ್ಟು ಅಳಿಸಿಬಿಡಿ.

ಪುಸ್ತಕ, ಆ್ಯಪ್ ಎರಡೂ ಇಂಗ್ಲಿಷಿನಲ್ಲಿವೆ. ನಮ್ಮ ಡ್ರೈವರಣ್ಣಂದಿರಿಗೆ, ಮೊದಲು ಓಡಿ ಬರುವ ಊರವರಿಗೆ ಅದು ತಲುಪುವುದು ಹೇಗೆ? ಎಲ್‌ಪಿಜಿಗೆ 115, ಅಮೋನಿಯಾಕ್ಕೆ 125, ಪೆಟ್ರೋಲಿಗೆ 128, ಈ ಮೂರು ಮಾರ್ಗದರ್ಶಿಗಳ ಮುಖ್ಯ ಸಾಲುಗಳನ್ನು ಕನ್ನಡದಲ್ಲಿ ಒಂದೊಂದು ಪುಟಕ್ಕೆ ಬರೆದು, ಲ್ಯಾಮಿನೇಷನ್ ಮಾಡಿಸಿ ನಮ್ಮ ಜೀಪಿನಲ್ಲಿ ಇಟ್ಟಿದ್ದೇವೆ.