ದಂಡ ಕಟ್ಟಿದರೆ ಮುಗಿಯಿತು ಅಂದುಕೊಂಡೆ, ಆರು ತಿಂಗಳ ಸಜೆ ಬಂತು

ಬೆಂಗಳೂರಿನಲ್ಲಿ ನನ್ನದೊಂದು ಪ್ಲೈವುಡ್ ಅಂಗಡಿ ಇದೆ. 2013-14ರಲ್ಲಿ ಎರಡು ಬಿಲ್ ಬುಕ್ ಇಟ್ಟಿದ್ದೆ. ಒಂದು ಲೆಕ್ಕಕ್ಕೆ, ಇನ್ನೊಂದು ಕಚ್ಚಾ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. 2015ರಲ್ಲಿ ಆದಾಯ ತೆರಿಗೆಯವರು ಸರ್ವೆಗೆ, ಅಂದರೆ ಅಂಗಡಿಯ ಲೆಕ್ಕ ತಪಾಸಣೆಗೆ, ಬಂದಾಗ ಕಚ್ಚಾ ಪುಸ್ತಕ ಗಲ್ಲಾಪೆಟ್ಟಿಗೆಯ ಕೆಳಗೇ ಸಿಕ್ಕಿತು. ಮುಚ್ಚಿಟ್ಟ ಆದಾಯಕ್ಕೆ ತೆರಿಗೆ 4 ಲಕ್ಷ 80 ಸಾವಿರ ಅಂತ ಲೆಕ್ಕ ಹಾಕಿದರು. ಬಡ್ಡಿ ಬೇರೆ. ಅದರ ಮೇಲೆ ತೆರಿಗೆಯಷ್ಟೇ ದಂಡ.

ನಮ್ಮ ಆಡಿಟರ್ ಹೇಳಿದ್ದು ಇಷ್ಟು: "ಅಪೀಲು ಗಿಪೀಲು ಬೇಡ, ಸುಮ್ನೆ ಕಟ್ಟಿ ಕೈ ತೊಳ್ಕೊಳ್ಳಿ." ಚಿನ್ನ ಅಡವಿಟ್ಟು ಕಟ್ಟಿದೆ. ರಸೀದಿ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದ್ದೆವು.

ದಂಡ ಬೇರೆ, ಕ್ರಿಮಿನಲ್ ಕೇಸ್ ಬೇರೆ ಅಂತ ಆಗ ಯಾರೂ ಹೇಳಲಿಲ್ಲ. ದಂಡ ಕಟ್ಟಿದ ಮಾತ್ರಕ್ಕೆ ಕೇಸ್ ಹಾಕಬಾರದು ಅಂತ ಎಲ್ಲೂ ಇಲ್ಲ. ಇನ್ನೊಂದು ವಿಷಯ ನನಗೆ ತಿಳಿದಿದ್ದು ತುಂಬಾ ತಡವಾಗಿ. ಆದಾಯ ಮುಚ್ಚಿಟ್ಟಿಲ್ಲ ಅಂತ ಟ್ರಿಬ್ಯುನಲ್ (ತೆರಿಗೆ ಅಪೀಲು ಕೇಳುವ ನ್ಯಾಯಮಂಡಳಿ) ದಂಡವನ್ನು ರದ್ದು ಮಾಡಿದರೆ ಅದರ ಮೇಲೆ ನಿಂತ ಕ್ರಿಮಿನಲ್ ಕೇಸೂ ಬೀಳುತ್ತದೆ. ಸುಪ್ರೀಂ ಕೋರ್ಟ್ ಇದನ್ನು 2004ರಲ್ಲೇ ಕೆ.ಸಿ. ಬಿಲ್ಡರ್ಸ್ ಕೇಸಿನಲ್ಲಿ ಹೇಳಿದೆ. ಪುಸ್ತಕವೇ ಸಿಕ್ಕಿದ್ದರಿಂದ ನಾನು ಅಪೀಲಿನಲ್ಲಿ ಗೆಲ್ಲುತ್ತಿದ್ದೆ ಅಂತ ಹೇಳಲಾರೆ. ಆದರೆ ನಿಮ್ಮದು ಬರೀ ಲೆಕ್ಕದ ತಕರಾರಾಗಿದ್ದರೆ, ಪೀಡೆ ತೊಲಗಲಿ ಅಂತ ದಂಡ ಒಪ್ಪಿಕೊಳ್ಳುವ ಮೊದಲು ಒಬ್ಬ ಕ್ರಿಮಿನಲ್ ವಕೀಲರನ್ನೂ ಕೇಳಿ.

ನಿಮ್ಮ ಮೇಲೆ ಯಾಕೆ ಮೊಕದ್ದಮೆ ಹೂಡಬಾರದು ಅಂತ ಇಲಾಖೆಯಿಂದ ನೋಟಿಸ್ ಬಂತು. "ಎಲ್ಲರಿಗೂ ಕಳಿಸ್ತಾರೆ ಬಿಡಿ" ಅಂದರು ಆಡಿಟರ್. ಉತ್ತರವನ್ನೇ ಕೊಡಲಿಲ್ಲ. 2018ರಲ್ಲಿ ಕೋರ್ಟಿನಿಂದ ಸಮನ್ಸ್ ಬಂತು.

ಆಗಲೂ ಒಂದು ದಾರಿ ಇತ್ತು, ಕಾಂಪೌಂಡಿಂಗ್. ಇಲಾಖೆಗೆ ನಿಗದಿಯಾದ ಶುಲ್ಕ ಕಟ್ಟಿ ಕೇಸ್ ಮುಗಿಸಿಕೊಳ್ಳುವುದು. ಆಗಿನ ನಿಯಮದಂತೆ ದೂರು ದಾಖಲಾದ 12 ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಅದು ತಪ್ಪಿದವರಿಗೆ 2019ರಲ್ಲಿ ಒಂದು ಸಲಕ್ಕೆ ಅಂತ ಮತ್ತೆ ಅವಕಾಶ ಕೊಟ್ಟರು, 2020ರ ಜನವರಿ 31ರವರೆಗೆ. ಎರಡನ್ನೂ ಕೈಬಿಟ್ಟೆ. ರಿಟರ್ನ್ ಸಲ್ಲಿಸದ ಕೇಸಿನಲ್ಲಿ ಜಯಲಲಿತಾ ಅವರು ವಿಚಾರಣೆ ಎದುರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ ಮೇಲೆ, ಆ ಕೇಸ್ ಕೊನೆಗೆ ಮುಗಿದಿದ್ದು ಇದೇ ಬಾಗಿಲಿನಿಂದ. ಅಂಥವರಿಗೇ ಬೇಕಾದ ಬಾಗಿಲು ನನಗೆ ಬೇಡವಾಗಿತ್ತು ನೋಡಿ. ಅರ್ಜಿಯ ಈ ಗಡುವನ್ನು 2024ರ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ನನಗೆ ಶಿಕ್ಷೆ ಆಗಿದ್ದು ಅದಕ್ಕೂ ಮೊದಲು, 2023ರಲ್ಲಿ.

ಕೋರ್ಟಿನಲ್ಲಿ "ಅಕೌಂಟೆಂಟ್ ಬರೆದಿದ್ದು, ನನಗೆ ಗೊತ್ತಿಲ್ಲ" ಅಂದೆ. ಬೇರೆ ಕೇಸುಗಳಲ್ಲಿ ಆರೋಪಿಯ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ಸರ್ಕಾರ ತೋರಿಸಬೇಕು. ಇಲ್ಲಿ ಅದು ಇತ್ತು ಅಂತಲೇ ಕೋರ್ಟ್ ಹಿಡಿದುಕೊಂಡು ಹೊರಡುತ್ತದೆ. ಇರಲಿಲ್ಲ ಅಂತ ಸಂಶಯಕ್ಕೆ ಎಡೆಯಿಲ್ಲದ ಹಾಗೆ ತೋರಿಸುವುದು ನಮ್ಮ ತಲೆ ಮೇಲೆ. ರಿಟರ್ನಿನ ಕೊನೆಯಲ್ಲಿ ಇದ್ದ ಸಹಿ ನನ್ನದೇ.

ತಪ್ಪಿತಸ್ಥ ಅಂದ ಮೇಲೆ, ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯಾ ಅಂತ ನ್ಯಾಯಾಧೀಶರು ಕೇಳಿದರು. ವಕೀಲರು ಪಟ್ಟಿ ಒಪ್ಪಿಸಿದರು. ವಯಸ್ಸು 56, ಸಕ್ಕರೆ ಕಾಯಿಲೆ, ಮೊದಲ ತಪ್ಪು, ತೆರಿಗೆ ಪೂರ್ತಿ ಕಟ್ಟಿದ್ದಾರೆ, ದುಡಿಯುವವರು ಇವರೊಬ್ಬರೇ. ಎಚ್ಚರಿಕೆ ಕೊಟ್ಟು ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬಿಡುತ್ತಾರೆ ಅಂತ ನಾನು ನಂಬಿದ್ದೆ. ಆಗುವುದಿಲ್ಲ. ನನಗೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ 292ಎ ಸೆಕ್ಷನ್ ಪ್ರಕಾರ ಪ್ರೊಬೇಷನ್ 18 ವರ್ಷ ತುಂಬದವರಿಗೆ ಮಾತ್ರ. ತೆರಿಗೆ ಮುಚ್ಚಿಡುವ ಮೀಸೆ ಬರದ ಹುಡುಗ ಎಲ್ಲಿ ಸಿಗುತ್ತಾನೋ!

ನನಗೆ ಶಿಕ್ಷೆ ಆದಾಗ ಸಜೆಯ ಲೆಕ್ಕ ಹೀಗಿತ್ತು. ತಪ್ಪಿಸಲು ಹೊರಟ ತೆರಿಗೆ (ಆದಾಯ ಅಲ್ಲ, ತೆರಿಗೆ) 25 ಲಕ್ಷ ದಾಟಿದರೆ ಕನಿಷ್ಠ 6 ತಿಂಗಳು, ಗರಿಷ್ಠ 7 ವರ್ಷ. ದಾಟದಿದ್ದರೆ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಎರಡೂ ಕಠಿಣ ಸಜೆಯೇ, ಜೊತೆಗೆ ದಂಡ. ವಕೀಲರು ಹೇಳಿದ ವಯಸ್ಸು, ಕಾಯಿಲೆ, ಸಂಸಾರ ಎಲ್ಲ ಈ ಎರಡು ಗೆರೆಗಳ ನಡುವೆ ಮಾತ್ರ ಕೆಲಸಕ್ಕೆ ಬರುತ್ತಿದ್ದವು. ನ್ಯಾಯಾಧೀಶರಿಗೆ ಎಷ್ಟೇ ಅಯ್ಯೋ ಅನ್ನಿಸಿದರೂ ಮೂರು ತಿಂಗಳಿಗಿಂತ ಕೆಳಗಿಳಿಯುವ ಅಧಿಕಾರ ಅವರಿಗಿರಲಿಲ್ಲ. ಮೇಲೆ ಹತ್ತಿಸಲು ಮಾತ್ರ ಕಾರಣ ಸಾಕಷ್ಟು. ನನ್ನ ವಿಷಯದಲ್ಲಿ ಆ ಎರಡು ಬಿಲ್ ಬುಕ್. ಮರೆತು ಬಿಟ್ಟುಹೋದ ಆದಾಯ ಅಲ್ಲ, ದಿನಾ ಕೂತು ಬರೆದಿದ್ದು ಅಂದರು. ಮೂರರ ಬದಲು ಆರು ತಿಂಗಳಾಯಿತು.

ರಿಟರ್ನಿನಲ್ಲಿ ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದಕ್ಕೆ ಬೇರೆ ಸೆಕ್ಷನ್, ಅದಕ್ಕೂ ಆರು ತಿಂಗಳು. ಎರಡೂ ಒಟ್ಟಿಗೆ ನಡೆಯಲಿ ಅಂತ ತೀರ್ಪಿನಲ್ಲಿ ಬರೆದರು. ಈ ಒಂದು ಸಾಲಿನ ಬೆಲೆ ಆಮೇಲೆ ಗೊತ್ತಾಯಿತು. ಬರೆಯದಿದ್ದರೆ ಒಂದಾದ ಮೇಲೊಂದು ಅನುಭವಿಸಬೇಕಿತ್ತು. ನಿಮ್ಮ ವಕೀಲರು ಆ ದಿನ ಬೇರೇನು ಮರೆತರೂ ಇದನ್ನು ಕೇಳಲು ಮರೆಯದಿರಲಿ.

ಮೂರು ವರ್ಷದೊಳಗಿನ ಸಜೆಯಾದ್ದರಿಂದ ಮೇಲ್ಮನವಿ ಹಾಕುವವರೆಗೆ ಅದೇ ಕೋರ್ಟು ಶಿಕ್ಷೆ ತಡೆದು ಜಾಮೀನು ಕೊಟ್ಟಿತು. ಭಾವಮೈದ ಜಾಮೀನುದಾರನಾಗಿ ತನ್ನ ಸೈಟಿನ ಪತ್ರ ಹಿಡಿದು ಸಂಜೆವರೆಗೆ ಕಾದು ನಿಂತಿದ್ದ. ಈಗ ಮೇಲ್ಮನವಿ ಸೆಷನ್ಸ್ ಕೋರ್ಟಿನಲ್ಲಿದೆ. ವಾಯಿದೆಗೊಮ್ಮೆ ಅಂಗಡಿ ಬಾಗಿಲು ಹಾಕಿ ಹೋಗುತ್ತೇನೆ.

2017ರ ಆ ನೋಟಿಸನ್ನು ಮೊನ್ನೆ ವಕೀಲರು ಕೇಳಿದರು. ಹುಡುಕಿದೆ. ಗಲ್ಲಾದ ಡ್ರಾಯರಿನಲ್ಲಿ, ಹಳೇ ಕರೆಂಟ್ ಬಿಲ್ಲುಗಳ ಅಡಿಯಲ್ಲಿ ಇತ್ತು. ಉತ್ತರಕ್ಕೆ ಹದಿನೈದು ದಿನ ಕೊಟ್ಟಿದ್ದರು.