ವೈದ್ಯಕೀಯ ಪದಗಳ ಮೂಲಕ್ಕೆ ಎಟಿಮಾನ್‌ಲೈನ್: ಬಳಸುವುದು ಹೇಗೆ, ಎಡವುವುದು ಎಲ್ಲಿ

ಡಗ್ಲಸ್ ಹಾರ್ಪರ್ ಕಟ್ಟಿದ ಎಟಿಮಾನ್‌ಲೈನ್, ಇಂಗ್ಲಿಷ್ ಪದಗಳ ಮೂಲ ತಿಳಿಸುವ ಜಾಲತಾಣ. ಪದ ಹುಡುಕಲು ದುಡ್ಡು ಕೊಡಬೇಕಿಲ್ಲ. ಅನಾಟಮಿ ಹೆಸರುಗಳನ್ನು ಉರುಹೊಡೆದು ಸುಸ್ತಾದವರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಇದರ ತಾಕತ್ತು ಗೊತ್ತಾಗಬೇಕಾದರೆ ‘ಆರ್ಟರಿ’, ಅಂದರೆ ಅಪಧಮನಿ, ಹುಡುಕಿ. ಗ್ರೀಕಿನ ‘ಆರ್ಟೇರಿಯಾ’ ಶ್ವಾಸನಾಳಕ್ಕೂ ಸಲ್ಲುತ್ತಿದ್ದ ಹೆಸರು. ಹೆಣದ ಅಪಧಮನಿಗಳಲ್ಲಿ ರಕ್ತ ಕಾಣದ್ದರಿಂದ ಅವು ಗಾಳಿಯ ಕೊಳವೆಗಳೆಂದೇ ಹಿಂದಿನವರು ತಿಳಿದಿದ್ದರು. ಅಲ್ಲಿಂದ ಶ್ವಾಸನಾಳದ ಈಗಿನ ಹೆಸರಾದ ‘ಟ್ರೇಕಿಯಾ’ಗೆ ಹೋಗಿ. ಅದರ ಪೂರ್ತಿ ಹೆಸರು ‘ಟ್ರಖೇಯಾ ಆರ್ಟೇರಿಯಾ’, ಒರಟು ನಾಳ; ಒರಟು ಬಂದದ್ದು ಮೃದ್ವಸ್ಥಿಯ ಉಂಗುರಗಳಿಂದ. ಬರಬರುತ್ತ ನಾಮಪದ ಉದುರಿ ವಿಶೇಷಣವೇ ಹೆಸರಾಗಿ ನಿಂತಿತು. ಕೀಲುಗಳ ಉರಿಯೂತವಾದ ‘ಆರ್ಥ್ರೈಟಿಸ್’ನಲ್ಲೂ ಆದದ್ದು ಇದೇ: ‘ನೋಸೋಸ್’, ಅಂದರೆ ರೋಗ ಎಂಬ ಪದ ಬಿಟ್ಟುಹೋಗಿ ‘ಕೀಲುಗಳಿಗೆ ಸೇರಿದ’ ಎಂಬುದಷ್ಟೇ ಉಳಿಯಿತು. ‘ಐಟಿಸ್’ಗೆ ಉರಿಯೂತದ ಅರ್ಥ ಅಂಟಿದ್ದು ಆಮೇಲೆ. ಎರಡು ಮೂರು ನಮೂದುಗಳನ್ನು ಒಟ್ಟಿಗೆ ಓದಿದರೇನೇ ಇದೆಲ್ಲ ಹೊಳೆಯುವುದು.

ಹೆಚ್ಚಿನವರು ಎಡವುವುದು ಸಂಕೇತಗಳಲ್ಲಿ. ಸಂಖ್ಯೆಯ ನಂತರ ‘ಸಿ’ ಬಂದರೆ ಶತಮಾನ, ಮುಂಚೆ ಬಂದರೆ ‘ಸುಮಾರು’. ‘14ಸಿ’ ಎಂದರೆ 1300ರ ದಶಕಗಳು. ‘ಸಿ 1400’ ಎಂದರೆ 1400ರ ಆಸುಪಾಸು. ಈ ಕಾಲವೂ ಪದವು ಇಂಗ್ಲಿಷ್ ಬರಹದಲ್ಲಿ ಮೊದಲು ಸಿಕ್ಕಿದ್ದು, ಕಾಯಿಲೆ ಶುರುವಾದದ್ದಲ್ಲ. ಧಾತುವಿನ (ಪದದ ಮೂಲರೂಪದ) ಮುಂಚೆ ನಕ್ಷತ್ರ ಚಿಹ್ನೆ ಇದ್ದರೆ ಅದು ಭಾಷಾವಿಜ್ಞಾನಿಗಳು ಊಹಿಸಿ ಕಟ್ಟಿದ ರೂಪ, ಯಾವ ಬರಹದಲ್ಲೂ ಸಿಕ್ಕಿದ್ದಲ್ಲ. ಪ್ರಾಜೆಕ್ಟ್ ವರದಿಗೆ ಇಳಿಸುವಾಗ ಆ ಚಿಹ್ನೆಯನ್ನು ಬಿಡಬೇಡಿ.

ಉದ್ದನೆಯ ಪದ ಇಡಿಯಾಗಿ ಸಿಗದಿದ್ದರೆ ಮುರಿದು ಹುಡುಕಿ. ‘ಕೋಲಿಸಿಸ್ಟೆಕ್ಟಮಿ’ಯಲ್ಲಿ ‘ಕೋಲಿ’ ಪಿತ್ತ, ‘ಸಿಸ್ಟ್’ ಚೀಲ, ‘ಎಕ್ಟಮಿ’ ಕತ್ತರಿಸಿ ತೆಗೆಯುವುದು. ಅನೀಮಿಯಾದಂಥ ಪದಗಳಿಗೆ ಅಮೆರಿಕನ್ ಕಾಗುಣಿತ ಹಾಕುವುದು ವಾಸಿ.

ಆದರೆ ಮುರಿಯುವಾಗ ಕಿವಿಯನ್ನು ನಂಬಬೇಡಿ, ಅಕ್ಷರ ನೋಡಿ. ಹೈಡ್ರೋಸೆಫಲಸ್‌ನ (ಮಿದುಳಲ್ಲಿ ದ್ರವ ತುಂಬುವ ತೊಂದರೆ) ‘ಹೈಡ್ರೋ’ದಲ್ಲಿ ‘ವೈ’ ಇದೆ, ಅದು ನೀರು. ಹೈಪರ್‌ಹೈಡ್ರೋಸಿಸ್‌ನ (ಅತಿಯಾಗಿ ಬೆವರುವುದು) ‘ಹೈಡ್ರೋ’ದಲ್ಲಿ ‘ಐ’ ಇದೆ, ಅದು ಬೆವರು. ಕನ್ನಡದಲ್ಲಿ ಬರೆದುಕೊಂಡ ನೋಟ್ಸ್‌ನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಹಾಗಾಗಿ ಪಕ್ಕದಲ್ಲಿ ಮೂಲ ಕಾಗುಣಿತ ಗುರುತು ಹಾಕಿಕೊಳ್ಳಿ. ಪೀಡಿಯಾಟ್ರಿಕ್ಸ್‌ನ (ಮಕ್ಕಳ ವೈದ್ಯಶಾಸ್ತ್ರ) ‘ಪೆಡ್’ ಗ್ರೀಕಿನದು, ಅರ್ಥ ಮಗು; ಪೆಡಿಕಲ್‌ನ (ತೊಟ್ಟಿನಂಥ ಭಾಗ) ‘ಪೆಡ್’ ಲ್ಯಾಟಿನ್ನಿನದು, ಅರ್ಥ ಪಾದ. ಅಮೆರಿಕನ್ ಕಾಗುಣಿತದಲ್ಲಿ ಇವೆರಡನ್ನು ಅಕ್ಷರ ನೋಡಿಯೂ ಬೇರ್ಪಡಿಸಲಾಗದು, ನಮೂದು ತೆರೆದು ನೋಡಲೇಬೇಕು.